ಅಳಿದ ಕಡತ ಮತ್ತು ಪ್ರತಿಗಳ ಪ್ರಶ್ನೆ

ಕನ್ನಡ ಸಂಶೋಧನೆಯ ಆಕರಗಳು ಇಂದು ಬಹುಮಟ್ಟಿಗೆ ಗಣಕಯಂತ್ರವನ್ನು ಸೇರಿವೆ. ಓಲೆಗರಿಗಳ ಛಾಯಾಚಿತ್ರ, ಶಾಸನಪಾಠ, ಕ್ಷೇತ್ರಕಾರ್ಯದ ಧ್ವನಿಮುದ್ರಣ, ಮಹಾಪ್ರಬಂಧದ ಕರಡು ಇವೆಲ್ಲವೂ ಅನೇಕ ವೇಳೆ ಒಂದೇ ಡಿಸ್ಕಿನಲ್ಲಿರುತ್ತವೆ. ಕೈತಪ್ಪಿನಿಂದ ಅವು ಅಳಿಸಿಹೋದಾಗ ಮರಳಿ ಪಡೆಯುವುದು ತಂತ್ರಜ್ಞರ ಕೆಲಸವೆಂದು ಭಾವಿಸುವುದು ವಾಡಿಕೆ. ಆದರೆ ಇದು ಗ್ರಂಥಸಂಪಾದನೆಗೂ ಸಂಬಂಧಿಸಿದ ಪ್ರಶ್ನೆಯಾಗಿದೆ.

ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಿ ಕಡತವನ್ನು ಅಳಿಸಿ ರೀಸೈಕಲ್ ಬಿನ್ನನ್ನೂ ಬರಿದು ಮಾಡಿದರೆ ದತ್ತಾಂಶವು ಒಡನೆಯೇ ನಾಶವಾಗುವುದಿಲ್ಲ. ಅದು ಇದ್ದ ಸ್ಥಳವು ಖಾಲಿಯೆಂದು ಗುರುತಾಗುತ್ತದೆ, ಅಷ್ಟೆ. ಅದರ ಮೇಲೆ ಹೊಸ ಬರವಣಿಗೆ ಬಿದ್ದಾಗ ಮಾತ್ರ ನಿಜವಾದ ಅಳಿವು ಸಂಭವಿಸುತ್ತದೆ. ಆದುದರಿಂದ ಆ ಯಂತ್ರದ ಬಳಕೆಯನ್ನು ಕೂಡಲೇ ನಿಲ್ಲಿಸುವುದು ಮೊದಲ ಕರ್ತವ್ಯ. ಮರುಪಡೆಯುವ ತಂತ್ರಾಂಶವನ್ನು ಅದೇ ಡಿಸ್ಕಿನಲ್ಲಿ ಸ್ಥಾಪಿಸುವುದೂ ಅಪಾಯಕರವೇ. ಡಿಸ್ಕಿನ ಪೂರ್ಣ ಪ್ರತಿಯನ್ನು ಬೇರೊಂದರಲ್ಲಿ ತೆಗೆದು, ಆ ಪ್ರತಿಯಲ್ಲಿ ಹುಡುಕುವುದು ಕ್ಷೇಮಕರ. ಈಚಿನ ಎಸ್‌ಎಸ್‌ಡಿಗಳಲ್ಲಿ ಟ್ರಿಮ್ ಎಂಬ ಆದೇಶವು ಅಳಿಸಿದ ಭಾಗವನ್ನು ಬೇಗನೆ ಬರಿದುಗೊಳಿಸಬಲ್ಲುದಾದ್ದರಿಂದ ಅಲ್ಲಿ ಭರವಸೆ ಕಡಿಮೆ.

ಫೋಟೊರೆಕ್‌ನಂತಹ ತಂತ್ರಾಂಶಗಳು ಕಡತದ ಆರಂಭದಲ್ಲಿರುವ ಬೈಟುಗಳ ಗುರುತನ್ನು ಹಿಡಿದು ಅದನ್ನು ಹೊರತೆಗೆಯುತ್ತವೆ. ಹೀಗೆ ದೊರೆತ ಕಡತಗಳಿಗೆ ಮೂಲದ ಹೆಸರಾಗಲಿ ಫೋಲ್ಡರಾಗಲಿ ಸಾಮಾನ್ಯವಾಗಿ ಉಳಿದಿರುವುದಿಲ್ಲ. ಡಿಸ್ಕಿನಲ್ಲಿ ಚದುರಿ ಉಳಿದ ಕಡತಗಳು ಅಪೂರ್ಣವಾಗಿ ಬರಬಹುದು. ದಾರ ಹರಿದು ಕಲಸಿಹೋದ ಓಲೆಕಟ್ಟಿನ ಸ್ಥಿತಿಯೂ ಇದೇ. ಚಿತ್ರದೊಳಗೆ ದಾಖಲಾಗಿರುವ ಸಮಯ ನೆರವಾದೀತು. ಕ್ಯಾಮೆರಾದ ಗಡಿಯಾರ ಸರಿಯಿದ್ದಲ್ಲಿ ಮಾತ್ರ. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹಗಳ ಸಂಕೇತದಲ್ಲಿರುವ ಲೇಖನವಂತೂ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಂತೆ ತೋರುತ್ತದೆ. ಅದು ಕನ್ನಡವೆಂದು ಅರಿಯದವರು ಕೆಟ್ಟ ಕಡತವೆಂದು ಎಸೆದುಬಿಡುವರು. ಗರಿಗಳ ಅನುಕ್ರಮವನ್ನು ಕೂಡಿಸುವ, ಪಾಠವನ್ನು ಗುರುತಿಸುವ ಕಾರ್ಯವನ್ನು ಯಂತ್ರಕ್ಕೆ ಒಪ್ಪಿಸಲಾಗದು. ಅದಕ್ಕೆ ವಿದ್ವಾಂಸನೇ ಬೇಕು.

ಮರುಪಡೆಯುವ ಉಪಾಯಗಳಿರುವಾಗ ಪ್ರತಿಗಳ ಚಿಂತೆ ಏಕೆಂಬ ವಾದವು ಇಲ್ಲಿ ನಿಲ್ಲುವುದಿಲ್ಲ. ಓಲೆಗರಿಯು ಉಳಿದಿದ್ದರೆ ಮತ್ತೊಮ್ಮೆ ಛಾಯಾಚಿತ್ರ ತೆಗೆಯಬಹುದು. ತೀರಿಹೋದ ಜನಪದ ಗಾಯಕಿಯ ದನಿಯನ್ನು ಮತ್ತೆ ಮುದ್ರಿಸಿಕೊಳ್ಳುವ ಬಗೆ ಯಾವುದು? 10ನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ದಾನದ ಹಿರಿಮೆಯಾಗಿ ಪಾಠ ಹೇಳಲಾಗುತ್ತದೆ. ಕೃತಿಯ ಆಯುಷ್ಯವು ಪ್ರತಿಗಳ ಸಂಖ್ಯೆಯನ್ನು ಅವಲಂಬಿಸಿದೆ ಎಂಬ ವಿವೇಕವೂ ಅದರಲ್ಲಿದೆ.

ಈ ಹಿನ್ನೆಲೆಯಲ್ಲಿ ಕನ್ನಡ ವಿಭಾಗಗಳು ಪ್ರತೀಕರಣವನ್ನು ಸಂಶೋಧನಾ ವಿಧಾನದ ಭಾಗವಾಗಿ ಬೋಧಿಸಬೇಕು. ಪ್ರತಿ ಚಿತ್ರದ ಚೌಕಟ್ಟಿನೊಳಗೆ ಕಟ್ಟಿನ ಸಂಖ್ಯೆ, ಗರಿಯ ಸಂಖ್ಯೆಗಳನ್ನು ಬರೆದ ಚೀಟಿ ಇರಲಿ. ಕಡತದ ಹೆಸರು ಅಳಿದರೂ ಆ ಗುರುತು ಉಳಿಯುತ್ತದೆ. ಧ್ವನಿಮುದ್ರಣದ ಆರಂಭದಲ್ಲಿಯೇ ಊರು, ದಿನಾಂಕ, ಹಾಡುವವರ ಹೆಸರುಗಳನ್ನು ಹೇಳಿಸಬೇಕು. ಮೂಲದ ಹೊರತಾಗಿ ಎರಡು ಪ್ರತಿಗಳಿರಬೇಕು. ಒಂದು ಬೇರೆ ಕಟ್ಟಡದಲ್ಲಿರಬೇಕು. ವರ್ಷಕ್ಕೊಮ್ಮೆಯಾದರೂ ಅವುಗಳನ್ನು ತೆರೆದು ಪರೀಕ್ಷಿಸಬೇಕು. ಮಹಾಪ್ರಬಂಧದೊಡನೆ ಅದರ ಆಕರಗಳ ಪ್ರತಿಯನ್ನೂ ವಿಭಾಗಕ್ಕೆ ಒಪ್ಪಿಸುವ ನಿಯಮವು ಅಗತ್ಯ. ಆಕರವನ್ನು ಕಳೆದುಕೊಂಡ ಪ್ರಬಂಧದ ನಿರ್ಣಯಗಳನ್ನು ಮುಂದಿನ ಸಂಶೋಧಕರು ನಂಬಬಹುದು, ಪರಿಶೀಲಿಸಲಾರರು.