ವಾರಕ್ಕೊಂದು ಪುರಸಭೆ ಪ್ರಕಟಣೆ: ಬೇಕೇ, ಬೇಡವೇ?

ದಕ್ಷಿಣ ಕನ್ನಡದಲ್ಲಿ ಇವತ್ತು ರಾತ್ರಿ ಯಾವ ಯಕ್ಷಗಾನ ಮೇಳದ ಆಟ ಎಲ್ಲಿ ಎಂದು ತಿಳಿಯಲು ಯಾರೂ ಕಷ್ಟಪಡಬೇಕಾಗಿಲ್ಲ. ದೀಪಾವಳಿಯ ಆಸುಪಾಸಿನಲ್ಲಿ ಮೇಳಗಳು ತಿರುಗಾಟಕ್ಕೆ ಹೊರಟಲ್ಲಿಂದ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವ ತನಕ ಪತ್ರಿಕೆಗಳ ಒಳಪುಟದಲ್ಲಿ ಅದಕ್ಕೊಂದು ಜಾಗ ಮೀಸಲು. ಮೇಳದ ಹೆಸರು, ಆಟದ ಊರು, ಕೆಲವೊಮ್ಮೆ ಪ್ರಸಂಗದ ಹೆಸರೂ ಅಲ್ಲಿರುತ್ತದೆ. ಅದನ್ನು ದಿನವೂ ಓದುವ ಮನೆಯವರನ್ನೇ ಒಣ ಕಸದ ಗಾಡಿ ಯಾವ ದಿನ ಬರುತ್ತದೆ, ನಾಳೆ ನಳ್ಳಿ ನೀರು ಎಷ್ಟು ಹೊತ್ತಿಗೆ, ಮನೆ ತೆರಿಗೆಯ ರಿಯಾಯಿತಿ ಯಾವಾಗ ಮುಗಿಯುತ್ತದೆ ಎಂದು ಕೇಳಿ ನೋಡಿ. “ವಾಟ್ಸಾಪಿನಲ್ಲಿ ಬಂದಿತ್ತು, ಹುಡುಕಬೇಕು” ಎಂಬ ಉತ್ತರ ಸಿಗುವುದೇ ಹೆಚ್ಚು.

ಹಾಗಾದರೆ ಬಂಟ್ವಾಳ, ಮೂಡುಬಿದಿರೆಯ ಪುರಸಭೆಗಳು, ಬೆಳ್ತಂಗಡಿಯ ಪಟ್ಟಣ ಪಂಚಾಯತ್ ವಾರಕ್ಕೊಮ್ಮೆ ಒಂದು ಪ್ರಕಟಣೆ ಹೊರಡಿಸಿದರೆ ಹೇಗೆ? ಬರುವ ವಾರದ ನೀರು, ಕಸ, ರಸ್ತೆ ಕೆಲಸ, ಶಿಬಿರಗಳು, ಸಂತೆ, ಊರಿನ ಕಾರ್ಯಕ್ರಮಗಳು ಎಲ್ಲ ಒಂದೇ ಹಾಳೆಯಲ್ಲಿ. ಅಮೆರಿಕದ ಎಷ್ಟೋ ಸಣ್ಣ ಊರುಗಳ ಆಡಳಿತಕ್ಕೆ ಇದು ರೂಢಿಯ ಕೆಲಸ. ನಮ್ಮಲ್ಲೂ ಇರಲಿ ಎನ್ನುವುದು ಸುಲಭ. ಆದರೆ ಬೇಡ ಎನ್ನುವವರ ಮಾತೂ ಹಗುರವಾದದ್ದಲ್ಲ.

ಬೇಕು ಎನ್ನುವವರ ಮೊದಲ ವಾದ ವಾಟ್ಸಾಪಿನಿಂದಲೇ ಶುರುವಾಗುತ್ತದೆ. ವಾರ್ಡಿನ ಗ್ರೂಪಿಗೆ ಒಂದು ಸಂದೇಶ ಬೀಳುತ್ತದೆ: “ಪೈಪ್ ದುರಸ್ತಿ ಇರುವುದರಿಂದ ನಾಳೆ ನೀರು ಇರುವುದಿಲ್ಲ.” ದಿನಾಂಕವಿಲ್ಲ, ಕಳಿಸಿದವರ ಹೆಸರಿಲ್ಲ. ಅದು ಕುಟುಂಬದ ಗ್ರೂಪಿಗೆ, ಅಲ್ಲಿಂದ ಭಜನಾ ಮಂಡಳಿಯ ಗ್ರೂಪಿಗೆ, ಅಲ್ಲಿಂದ ಹಳೆ ವಿದ್ಯಾರ್ಥಿಗಳ ಗ್ರೂಪಿಗೆ ಹೋಗುತ್ತದೆ. ಮೂರನೇ ದಿನವೂ ಅದು “ನಾಳೆ”ಯೇ. ಯಾರೋ ಬಕೆಟು, ಕೊಡಪಾನ, ಹಂಡೆಗಳನ್ನೆಲ್ಲ ತುಂಬಿಸಿಟ್ಟು ಕಾಯುತ್ತಾರೆ, ನೀರು ಎಂದಿನಂತೆ ಬರುತ್ತದೆ. ಇನ್ನೊಮ್ಮೆ ನಿಜವಾಗಿಯೇ ನೀರು ನಿಲ್ಲುವ ದಿನ ಯಾರೂ ನಂಬುವುದಿಲ್ಲ. ಮಳೆಗಾಲದ ರಾತ್ರಿ ಜಿಲ್ಲಾಧಿಕಾರಿಯ ಹೆಸರಿನಲ್ಲಿ ಶಾಲೆಗೆ ರಜೆ ಎಂಬ ಸುಳ್ಳು ಪ್ರಕಟಣೆ ಹರಿದಾಡುವುದನ್ನು ಈ ಜಿಲ್ಲೆಯ ತಂದೆತಾಯಿಯರು ಕಂಡೇ ಇದ್ದಾರೆ. ದಿನಾಂಕ, ಮೊಹರು, ಜವಾಬು ಕೊಡುವ ಅಧಿಕಾರಿಯ ಹುದ್ದೆ ಇರುವ ಒಂದೇ ಒಂದು ಹಾಳೆ ಇದ್ದರೆ ಸುಳ್ಳನ್ನು ಅದಕ್ಕೆ ಹಿಡಿದು ನೋಡಬಹುದು.

ಎರಡನೆಯದು ಕಾನೂನಿನ ಮಾತು. 2005ರ ಮಾಹಿತಿ ಹಕ್ಕು ಕಾಯ್ದೆ ಎಂದರೆ ಅರ್ಜಿ ಹಾಕಿ ಮೂವತ್ತು ದಿನ ಕಾಯುವುದು ಎಂದಷ್ಟೇ ಹೆಚ್ಚಿನವರಿಗೆ ಗೊತ್ತು. ಆದರೆ ಅದರ 4ನೇ ಸೆಕ್ಷನ್, ಯಾರೂ ಕೇಳದೆಯೇ ಕಚೇರಿಗಳು ಆಗಾಗ ಮಾಹಿತಿ ಹೊರಗಿಡಬೇಕು ಎನ್ನುತ್ತದೆ. ಹಾಗೆ ಹೊರಗಿಡುವಾಗ ವೆಚ್ಚ, ಸ್ಥಳೀಯ ಭಾಷೆ ಮತ್ತು ಆ ಊರಿಗೆ ಹೆಚ್ಚು ಪರಿಣಾಮಕಾರಿಯಾದ ದಾರಿ ಯಾವುದೆಂಬುದನ್ನು ನೋಡಬೇಕು ಎಂದೂ ಅದರಲ್ಲಿದೆ. ನಮ್ಮ ರಾಜ್ಯದ ಸಕಾಲ ಕಾಯ್ದೆ 2011ರದ್ದು. ಯಾವ ಕಾಗದ ಎಷ್ಟು ದಿನದಲ್ಲಿ ಸಿಗಬೇಕು ಎಂದು ಅದು ಗಡುವು ಹಾಕಿದೆ. ಎರಡು ಕಾಯ್ದೆಗಳನ್ನೂ ಸೇರಿಸಿ ಓದಿದರೆ ವಾರದ ಪ್ರಕಟಣೆ ಪುರಸಭೆ ಮಾಡುವ ಉಪಕಾರವಲ್ಲ, ಮಾಡಬೇಕಾದ ಕೆಲಸದ್ದೇ ಒಂದು ಭಾಗ ಎಂದು ವಾದಿಸಲು ಜಾಗವಿದೆ.

ಮೂರನೆಯದು, ಯಾವ ಗ್ರೂಪಿನಲ್ಲೂ ಇಲ್ಲದವರ ಮಾತು. ಮೂಡುಬಿದಿರೆಯಲ್ಲಿ ಓದಲೆಂದು ಬಂದು ಹಾಸ್ಟೆಲು, ಬಾಡಿಗೆ ಕೋಣೆಗಳಲ್ಲಿ ಇರುವ ಮಕ್ಕಳು, ಬಂಟ್ವಾಳದ ಬಿ.ಸಿ.ರೋಡಿನ ಅಂಗಡಿ ಹೋಟೆಲುಗಳಲ್ಲಿ ದುಡಿಯುವ ಪರವೂರಿನವರು, ಮಕ್ಕಳೆಲ್ಲ ಬೆಂಗಳೂರು, ಮುಂಬಯಿ, ಗಲ್ಫ್ ಸೇರಿದ ಮೇಲೆ ಮನೆಯಲ್ಲಿ ಇಬ್ಬರೇ ಉಳಿದಿರುವ ಹಿರಿಯರು. ವಾರ್ಡ್ ಸದಸ್ಯರ ಪರಿಚಯ ಇದ್ದವರಿಗೆ ಒಂದು ಫೋನಿನಲ್ಲಿ ಎಲ್ಲ ತಿಳಿಯುತ್ತದೆ. ಪರಿಚಯ ಇಲ್ಲದವರಿಗೆ ಏಪ್ರಿಲಿನಲ್ಲಿ ಕಟ್ಟಿದರೆ ಆಸ್ತಿ ತೆರಿಗೆಗೆ ಶೇ. 5 ರಿಯಾಯಿತಿ ಇದೆ ಎಂಬುದೂ ಮೇ ತಿಂಗಳಿನಲ್ಲಿ ಕೌಂಟರಿನ ಎದುರು ನಿಂತಾಗಲೇ ಗೊತ್ತಾಗುವುದು.

ಬೇಡ ಎನ್ನುವವರದ್ದನ್ನೂ ಅಷ್ಟೇ ಗಮನವಿಟ್ಟು ಕೇಳಬೇಕು. ಅವರ ಮೊದಲ ಪ್ರಶ್ನೆ: ಪುರಸಭೆಯ ಕೈಯಲ್ಲಿ ಹೇಳಲು ಏನಿದೆ? ಜನರಿಗೆ ದಿನಬೆಳಗಾದರೆ ತಿಳಿಯಬೇಕಾದ್ದು ಕರೆಂಟು ಯಾವಾಗ ಹೋಗುತ್ತದೆ ಎಂಬುದು. ಅದು ಮೆಸ್ಕಾಂನವರದ್ದು. ಬಸ್ಸು ಕೆ.ಎಸ್‌.ಆರ್‌.ಟಿ.ಸಿ. ಮತ್ತು ಖಾಸಗಿಯವರದ್ದು. ಬಿ.ಸಿ.ರೋಡಿನಿಂದ ಕಲ್ಲಡ್ಕದ ಕಡೆಗೆ ಹೆದ್ದಾರಿ ಅಗಲ ಮಾಡುವಾಗ ಮಳೆಗಾಲದಲ್ಲಿ ಕೆಸರು, ಬೇಸಗೆಯಲ್ಲಿ ಧೂಳು ತಿಂದು ವರ್ಷಗಳನ್ನೇ ಕಳೆದವರಿಗೆ ಸಿಕ್ಕ ಉತ್ತರ “ಅದು ನಮ್ಮದಲ್ಲ, ಹೈವೇಯವರದ್ದು” ಎಂಬುದು. ಪುರಸಭೆ ತನ್ನದನ್ನು ಮಾತ್ರ ಬರೆದರೆ ಹಾಳೆ ಅರ್ಧ ಖಾಲಿ, ಎಲ್ಲರದ್ದನ್ನೂ ಬರೆದರೆ ಬೇರೆಯವರ ತಪ್ಪಿಗೆ ಇವರು ಬೈಸಿಕೊಳ್ಳಬೇಕು.

ಮೆಸ್ಕಾಂ ಈಗಲೇ ಕೊಡುವ ಪ್ರಕಟಣೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಈ ಕಷ್ಟ ಇನ್ನಷ್ಟು ತಿಳಿಯುತ್ತದೆ. ಇಂಥ ವಿದ್ಯುತ್ ಉಪಕೇಂದ್ರದಿಂದ ಹೊರಡುವ ಇಂಥ ಫೀಡರಿನಲ್ಲಿ ತುರ್ತು ಕಾಮಗಾರಿ, ಬೆಳಗ್ಗೆಯಿಂದ ಸಂಜೆಯ ತನಕ ವಿದ್ಯುತ್ ನಿಲುಗಡೆ, ಬಳಕೆದಾರರು ಸಹಕರಿಸಬೇಕು ಎಂದಿರುತ್ತದೆ. ಕೆಳಗೆ ಹತ್ತಾರು ಊರುಗಳ ಹೆಸರು, ಕೊನೆಗೆ “ಹಾಗೂ ಸುತ್ತಮುತ್ತಲಿನ ಪ್ರದೇಶಗಳು”. ತಮ್ಮ ಮನೆಯ ತಂತಿ ಯಾವ ಫೀಡರಿಗೆ ಸೇರಿದ್ದೆಂದು ಲೈನ್‌ಮ್ಯಾನಿಗೆ ಗೊತ್ತು, ಮನೆಯವರಿಗೆ ಗೊತ್ತಿಲ್ಲ. ಸುತ್ತಮುತ್ತ ಎಂದರೆ ಎಲ್ಲಿಯ ತನಕ ಎಂಬುದು ಕರೆಂಟು ಹೋದ ಮೇಲೆಯೇ ತಿಳಿಯುವುದು. ಮಾಹಿತಿ ಕೊಟ್ಟ ಹಾಗೂ ಆಯಿತು, ಓದಿದವರಿಗೆ ಉಪಯೋಗಕ್ಕೆ ಬಾರದ ಹಾಗೂ ಆಯಿತು. ಪುರಸಭೆಯ ಪ್ರಕಟಣೆಯೂ ಇದೇ ಭಾಷೆಯಲ್ಲಿ ಬರುವುದಾದರೆ ಇನ್ನೊಂದು ಹಾಳೆ ಯಾಕೆ ಎಂದು ಅವರು ಕೇಳುತ್ತಾರೆ.

ಇದಕ್ಕೆ ಗಡಿಯ ತಕರಾರೂ ಸೇರುತ್ತದೆ. 2011ರ ಜನಗಣತಿಯಂತೆ ಬಂಟ್ವಾಳ ಪುರಸಭೆಯ ಜನಸಂಖ್ಯೆ ಸುಮಾರು ನಲವತ್ತು ಸಾವಿರ. ಬೆಳ್ತಂಗಡಿ ಪಟ್ಟಣ ಪಂಚಾಯತಿನದ್ದು ಹತ್ತು ಸಾವಿರಕ್ಕೂ ಕಡಿಮೆ. ಆದರೆ ಬೆಳ್ತಂಗಡಿಯ ಪೇಟೆಗೆ, ತಾಲೂಕು ಕಚೇರಿಗೆ, ಆಸ್ಪತ್ರೆಗೆ ಬರುವವರು 81 ಗ್ರಾಮಗಳವರು. ಉಜಿರೆ ಎಷ್ಟೇ ಬೆಳೆದರೂ ಬೇರೆಯೇ ಗ್ರಾಮ ಪಂಚಾಯತು. ಪಟ್ಟಣದ ಹಾಳೆ ಪಟ್ಟಣದೊಳಗಿನವರ ಕೈಗಷ್ಟೇ ಬಂದರೆ ಪಟ್ಟಣವನ್ನು ಬಳಸುವ ಬಹುಪಾಲು ಜನ ಹೊರಗೇ ಉಳಿದರು.

ವೇಗದ ಮಾತು ಇನ್ನೂ ಗಂಭೀರ. ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್. 1923ರ ‘ಮಾರಿಬೊಳ್ಳ’ ಎಂಬ ಮಹಾನೆರೆಯ ಕಥೆ ಕೇಳಿಕೊಂಡು, 1974ರ ನೆರೆಯನ್ನು ಕಣ್ಣಾರೆ ಕಂಡು ಬೆಳೆದ ಹೊಳೆಬದಿಯವರಿಗೆ ಬೇಕಾದ್ದು ಗಂಟೆ ಗಂಟೆಯ ಲೆಕ್ಕ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಕಡೆ ಗುಡ್ಡ ಜರಿದು, ಹೊಳೆಗಳು ಉಕ್ಕಿ ತೋಟಗಳ ಮೇಲೆ ಮರಳು ತಂದು ಹಾಕಿದಾಗ ವಾರಕ್ಕೊಮ್ಮೆಯ ಪ್ರಕಟಣೆಯಿಂದ ಯಾರಿಗೇನು ಉಪಕಾರವಾಗುತ್ತಿತ್ತು? ಅಂಥ ಹೊತ್ತಿಗೆ ವಾಟ್ಸಾಪೇ ಮೇಲು, ಮೈಕ್ ಕಟ್ಟಿದ ರಿಕ್ಷಾ ಅದಕ್ಕಿಂತಲೂ ಮೇಲು ಎಂಬ ಮಾತಿಗೆ ಎದುರುತ್ತರವಿಲ್ಲ.

ಇನ್ನು ಪತ್ರಿಕೆಗಳು. ಈ ಕರಾವಳಿಗೆ ಊರ ಸುದ್ದಿ ಅಚ್ಚಾಗುವುದು ಹೊಸದಲ್ಲ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಕಲ್ಲಚ್ಚಿನಲ್ಲಿ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಆ ಪತ್ರಿಕೆಯಲ್ಲಿ ಊರಿನ ವರ್ತಮಾನ, ಸರಕಾರದ ಆಜ್ಞೆಗಳು ಎರಡಕ್ಕೂ ಜಾಗವಿತ್ತು. ಅದನ್ನು ನಡೆಸಿದ್ದು ಸರಕಾರವಲ್ಲ. ಇವತ್ತು ‘ಉದಯವಾಣಿ’ಯ ‘ಸುದಿನ’ ಪುರವಣಿ ಇದೆ, ಬೆಳ್ತಂಗಡಿಯವರಿಗೆ ತಾಲೂಕಿನದ್ದೇ ಆದ ‘ಸುದ್ದಿ ಬಿಡುಗಡೆ’ ವಾರಪತ್ರಿಕೆ ಇದೆ. ನೇಮ, ಬ್ರಹ್ಮಕಲಶ, ಉರೂಸ್, ಚರ್ಚಿನ ಹಬ್ಬ, ಶಾಲಾ ವಾರ್ಷಿಕೋತ್ಸವ, ರಕ್ತದಾನ ಶಿಬಿರ ಎಲ್ಲವೂ ಅವುಗಳಲ್ಲಿ ಬರುತ್ತವೆ. ಚರಂಡಿ ಕಟ್ಟಿಕೊಂಡಿದೆ ಎಂಬ ಸುದ್ದಿ ಫೋಟೋ ಸಮೇತ ಬರುವುದೂ ಅಲ್ಲೇ. ಪುರಸಭೆಯ ಹಾಳೆಯಲ್ಲಿ ಅದು ಬಂದೀತೇ?

ಇದು ಬರಿಯ ಅನುಮಾನವೂ ಅಲ್ಲ. ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್ ಎಂಬ ಭಾಗದ ಸ್ಥಳೀಯ ಆಡಳಿತ ‘ಈಸ್ಟ್ ಎಂಡ್ ಲೈಫ್’ ಎಂಬ ವಾರಪತ್ರಿಕೆಯನ್ನು ತಾನೇ ನಡೆಸುತ್ತಿತ್ತು. ಇಂಥ ಪತ್ರಿಕೆಗಳು ಜನರ ದುಡ್ಡಿನಲ್ಲಿ ಆಡಳಿತವನ್ನು ಹೊಗಳುತ್ತವೆ, ಖಾಸಗಿ ಸ್ಥಳೀಯ ಪತ್ರಿಕೆಗಳ ಜಾಹೀರಾತು ಕಸಿಯುತ್ತವೆ ಎಂಬ ದೂರು ಜೋರಾಯಿತು. 2011ರಲ್ಲಿ ಬ್ರಿಟಿಷ್ ಸರಕಾರ, ದೊಡ್ಡ ಸ್ಥಳೀಯ ಸಂಸ್ಥೆಗಳು ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಂಚಿಕೆ ತರಬಾರದೆಂದು ನಿಯಮ ಮಾಡಿತು. ‘ಈಸ್ಟ್ ಎಂಡ್ ಲೈಫ್’ 2016ರಲ್ಲಿ ನಿಂತಿತು. ನಮ್ಮ ಸಣ್ಣ ಪತ್ರಿಕೆಗಳಿಗೆ ಟೆಂಡರು, ಹರಾಜು, ಶುಭಾಶಯದ ಜಾಹೀರಾತುಗಳೇ ಆಧಾರ. ವಾರದ ಹಾಳೆ ಅದರ ಮೇಲೆ ಕೈಯಿಟ್ಟರೆ ಊರಿಗೆ ಲಾಭಕ್ಕಿಂತ ನಷ್ಟ ಹೆಚ್ಚು.

ಕಾರ್ಯಕ್ರಮಗಳ ಪಟ್ಟಿಯದ್ದು ಬೇರೆಯೇ ತಲೆನೋವು. ಮೂಡುಬಿದಿರೆಯ ಆಳ್ವಾಸ್ ವಿರಾಸತ್ತಿಗಾಗಲಿ, ಕಡಲಕೆರೆಯ ಕಂಬಳಕ್ಕಾಗಲಿ ಪುರಸಭೆಯ ಪ್ರಚಾರ ಬೇಕಾಗಿಲ್ಲ. ಧರ್ಮಸ್ಥಳದ ಲಕ್ಷದೀಪಕ್ಕೆ ಯಾರೂ ಹಾಳೆ ಓದಿ ಹೊರಡುವುದಿಲ್ಲ. ಪ್ರಚಾರ ಬೇಕಿರುವುದು ಸಣ್ಣವರಿಗೆ. ಅಲ್ಲಿ ಯಾರ ಉತ್ಸವ ಮೊದಲು, ಯಾರದ್ದು ಬಿಟ್ಟುಹೋಯಿತು, ಯಾರ ಹೆಸರಿನ ಹಿಂದೆ ‘ಶ್ರೀ’ ಇಲ್ಲ ಎಂಬುದೇ ಈ ಜಿಲ್ಲೆಯಲ್ಲಿ ಜಗಳಕ್ಕೆ ಸಾಕು. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರಕಾರ 2016ರಲ್ಲೇ ನಿಷೇಧಿಸಿದೆ. ಆದರೂ ಸರ್ಕಲಿನಲ್ಲಿ ಕೈಮುಗಿದು ನಿಂತ ಮುಖಗಳಿಗೆ ಕೊರತೆಯಿಲ್ಲ. ಅದೇ ಮುಖಗಳು ಹಾಳೆಗೆ ಇಳಿದು ಬಂದರೆ ತಡೆಯುವವರು ಯಾರು?

ಎರಡೂ ಕಡೆಯವರು ಒಂದನ್ನು ಮರೆಯುತ್ತಾರೆ ಎಂದು ನನಗನಿಸುತ್ತದೆ. ಬೇಕು ಎನ್ನುವವರು ಪ್ರಕಟಣೆಯನ್ನು ಮಾಹಿತಿ ಎಂದುಕೊಂಡಿದ್ದಾರೆ. ಬೇಡ ಎನ್ನುವವರು ಪ್ರಚಾರ ಎಂದುಕೊಂಡಿದ್ದಾರೆ. ದಿನಾಂಕ ಹಾಕಿ ಬರೆದುಕೊಟ್ಟದ್ದು ಕಚೇರಿ ಜನರಿಗೆ ಕೊಟ್ಟ ಮಾತು ಕೂಡ ಹೌದು. 2019ರ ಬೇಸಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದಾಗ ಮಂಗಳೂರು ಮಹಾನಗರ ಪಾಲಿಕೆ ರೇಷನಿಂಗಿನ ವೇಳಾಪಟ್ಟಿ ಹೊರಡಿಸಬೇಕಾಯಿತು. ಹಾಗೊಂದು ಪಟ್ಟಿ ಕೈಯಲ್ಲಿದ್ದರೆ ನೀರು ಬಿಡಬೇಕಾದ ದಿನ ನೀರು ಬಾರದ ಮನೆಯವರು “ನೀವೇ ಬರೆದದ್ದಲ್ಲವೇ” ಎಂದು ಕೇಳಬಹುದು. ಪಟ್ಟಿ ಇಲ್ಲದಿದ್ದರೆ ಕೇಳಲು ಹಿಡಿತವೇ ಇಲ್ಲ.

ಬಂಟ್ವಾಳದ ಇನ್ನೊಂದು ಉದಾಹರಣೆ ತೆಗೆದುಕೊಳ್ಳಿ. ಪುರಸಭೆಯ 27 ವಾರ್ಡುಗಳಿಗೆ 2018ರಲ್ಲಿ ಚುನಾವಣೆ ನಡೆಯಿತು. ಅಧ್ಯಕ್ಷ, ಉಪಾಧ್ಯಕ್ಷ ಹುದ್ದೆಗಳ ಮೀಸಲಾತಿ ಕೋರ್ಟು ಹತ್ತಿದ್ದರಿಂದ ಆಡಳಿತ ಮಂಡಳಿ ಕುರ್ಚಿಯಲ್ಲಿ ಕೂರುವಾಗ 2020 ಬಂದಿತ್ತು. ರಾಜ್ಯದ ಎಷ್ಟೋ ಪುರಸಭೆಗಳ ಕಥೆ ಇದೇ. ಆ ಎರಡು ವರ್ಷ ಗೆದ್ದ ಸದಸ್ಯರಿಗೆ ಸಭೆಯಲ್ಲಿ ನಿಂತು ಪ್ರಶ್ನೆ ಕೇಳುವ ಅವಕಾಶವೇ ಇರಲಿಲ್ಲ. ಅಂಥ ಕಾಲದಲ್ಲಿ ವಾರದ ಹಾಳೆ ಜನರಿಗೆ ಒಂದು ಹಿಡಿತವಾಗುತ್ತಿತ್ತು ಎನ್ನಬಹುದು. ಸಭೆಯೇ ಇಲ್ಲದಿರುವಾಗ ಹಾಳೆಯಲ್ಲಿ ಬರೆದದ್ದು ನಿಜವೋ ಎಂದು ನೋಡುವವರೂ ಇರುತ್ತಿರಲಿಲ್ಲ ಎಂದೂ ಅನ್ನಬಹುದು. ಎರಡೂ ಸರಿಯೇ.

ಕಸದ ವಿಷಯ ಇನ್ನೂ ಸೂಕ್ಷ್ಮ. ಬಂಟ್ವಾಳದ ಕಸ ಹೋಗುವ ಕಂಚಿನಡ್ಕಪದವು ಇರುವುದು ಪುರಸಭೆಯ ಹೊರಗೆ, ಸಜಿಪನಡು ಗ್ರಾಮದಲ್ಲಿ. ಅಲ್ಲಿನವರು ಅದನ್ನು ವರ್ಷಗಟ್ಟಲೆ ವಿರೋಧಿಸಿಕೊಂಡು ಬಂದಿದ್ದಾರೆ. “ಮಂಗಳವಾರ ಒಣ ಕಸ” ಎಂದು ಪ್ರಕಟಿಸುವುದು ಸುಲಭ. ಆ ಕಸ ಯಾರ ಮನೆಯ ಹತ್ತಿರ ಹೋಗಿ ಬೀಳುತ್ತದೆ, ಎಷ್ಟು ವಿಂಗಡಣೆಯಾಯಿತು ಎಂದು ಬರೆದರೆ ಹಾಳೆಗೆ ತೂಕ ಬರುತ್ತದೆ. ಬರೆಯದಿದ್ದರೆ ಪತ್ರಿಕೆಯವರೇ ಬರೆಯಬೇಕು.

ಹಾಗಾಗಿ ನನ್ನ ತೀರ್ಮಾನ ಷರತ್ತಿನದ್ದು. ಪ್ರಕಟಣೆ ಇರಲಿ, ಎರಡು ಪುಟ ಮೀರದಿರಲಿ, ಫೋಟೋ ಬೇಡ, ಅಧ್ಯಕ್ಷರ ನುಡಿ ಬೇಡ. ಊರಿನ ಉತ್ಸವ, ಸಭೆ, ಸಮಾರಂಭಗಳನ್ನು ಪತ್ರಿಕೆಗಳಿಗೇ ಬಿಡಲಿ. ಅವುಗಳಿಂದ ರಸ್ತೆ ತಿರುಗಿಸಬೇಕಾಗಿ ಬಂದರೆ, ಪಾರ್ಕಿಂಗಿಗೆ ತಡೆಯಾದರೆ ಅಷ್ಟನ್ನು ಮಾತ್ರ ಹಾಕಲಿ. ಜಾಹೀರಾತು ಒಂದನ್ನೂ ತೆಗೆದುಕೊಳ್ಳದಿರಲಿ. ಮೆಸ್ಕಾಂ, ಹೆದ್ದಾರಿಯವರ ಕೆಲಸವಾದರೆ ಯಾರನ್ನು ಕೇಳಬೇಕು ಎಂಬ ಒಂದು ಸಾಲು ಸಾಕು. ಕಾಗದ ಓದದವರಿಗೆ, ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಆಡುವವರಿಗೆ ಕಸದ ಗಾಡಿಯ ಮೈಕಿನಲ್ಲೇ ಅದನ್ನು ಅವರವರ ಭಾಷೆಯಲ್ಲಿ ಹೇಳಿಸಲಿ. ಗಾಡಿ ಹೇಗೂ ಮನೆ ಮನೆಗೆ ಹೋಗುತ್ತದೆ. ನೆರೆ, ಗುಡ್ಡ ಜರಿತದಂಥ ತುರ್ತಿಗೆ ಈ ಹಾಳೆಯನ್ನು ನಂಬುವುದು ಬೇಡ ಎಂದು ಮೊದಲೇ ಸ್ಪಷ್ಟವಾಗಿರಲಿ.

ಬರೆಯುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಕಂದಾಯ, ಆರೋಗ್ಯ, ಎಂಜಿನಿಯರಿಂಗ್ ವಿಭಾಗಗಳಲ್ಲಿ ಇರುವ ಕೆಲಸಕ್ಕೇ ಜನ ಸಾಲದಿರುವಾಗ ಇನ್ನೊಂದು ಹೊರೆ ಯಾಕೆ ಎಂಬ ಸಿಬ್ಬಂದಿಯ ಆಕ್ಷೇಪ ನ್ಯಾಯವಾದದ್ದೇ. ಆದರೆ ಬರುವ ವಾರ ಯಾವ ಓಣಿಯಲ್ಲಿ ಏನು ಕೆಲಸ ಎಂದು ವಿಭಾಗದವರಿಗೇ ಗೊತ್ತಿಲ್ಲವೆಂದರೆ ಕೊರತೆ ಇರುವುದು ಬರೆಯುವವರದ್ದಲ್ಲ. ಗೊತ್ತಿದ್ದರೆ ಎರಡು ಪುಟಕ್ಕೆ ಒಂದು ಮಧ್ಯಾಹ್ನ ಸಾಕು.

ಕೊನೆಯ ಷರತ್ತೇ ಮುಖ್ಯ. ಪ್ರತಿ ವಾರದ ಹಾಳೆಯ ಮೇಲ್ಭಾಗದಲ್ಲಿ ಹಿಂದಿನ ವಾರ ಹೇಳಿದ್ದರಲ್ಲಿ ಆದದ್ದು ಯಾವುದು, ಆಗದ್ದು ಯಾವುದು, ಯಾಕೆ ಎಂಬ ಪಟ್ಟಿ ಇರಬೇಕು. ಆ ಪಟ್ಟಿಗೆ ಒಪ್ಪಿದ ಪುರಸಭೆ ಒಂದು ಬೇಸಗೆ, ಒಂದು ಮಳೆಗಾಲ ಇದನ್ನು ನಡೆಸಿ ನೋಡಲಿ. ಒಪ್ಪದಿದ್ದರೆ ಅಚ್ಚಿನ ಖರ್ಚನ್ನು ಚರಂಡಿಯ ಹೂಳೆತ್ತುವುದಕ್ಕೆ ಹಾಕಲಿ. ಊರಿಗೆ ಅದೇ ಹೆಚ್ಚು ಉಪಕಾರ.