ಮೊದಲು ಮಿಜ್, ಆಮೇಲೆ ಟಾರ್ಕಾ

ಆಟರ್, ಅಂದ್ರೆ ನೀರುನಾಯಿ, ರೀಲ್ಸ್ ನೋಡಿ "ಇಂಥದ್ದೊಂದು ರೂಮಲ್ಲಿ ಇದ್ದಿದ್ರೆ!" ಅಂದ್ಕೊಂಡವರಲ್ಲಿ ನಾವೂ ಇದ್ದೀವಿ. ಹಾಗೆ ಅನ್ನಿಸೋರೆಲ್ಲ ಎರಡು ಪುಸ್ತಕ ಓದಲೇಬೇಕು, ಅದೂ ಇದೇ ಕ್ರಮದಲ್ಲಿ ಅನ್ನೋದು ನಮ್ಮ ಅಭಿಪ್ರಾಯ.

ಮೊದಲನೆಯದು ಗ್ಯಾವಿನ್ ಮ್ಯಾಕ್ಸ್‌ವೆಲ್ 1960ರಲ್ಲಿ ಬರೆದ ‘ರಿಂಗ್ ಆಫ್ ಬ್ರೈಟ್ ವಾಟರ್’. ಇರಾಕಿನ ಜೌಗು ಪ್ರದೇಶದ ಮಿಜ್‌ಬಿಲ್ ಎಂಬ ನೀರುನಾಯಿಯನ್ನು ಅವರು ಸ್ಕಾಟ್ಲೆಂಡಿಗೆ ತಂದು ಸಾಕ್ತಾರೆ. ಮಿಜ್‌ನ ತುಂಟಾಟ ಓದ್ತಾ ನಕ್ಕಿದ್ದೇ ನಕ್ಕಿದ್ದು. ಆಮೇಲೆ ರಸ್ತೆ ಕೆಲಸದವನೊಬ್ಬ ಅದನ್ನು ಕೊಂದಾಗ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತ್ವಿ. ಮನುಷ್ಯರನ್ನು ನಂಬೋದನ್ನ ಅದಕ್ಕೆ ಕಲಿಸಿದ್ದೂ ಮನುಷ್ಯರೇ ತಾನೆ?

ಎರಡನೆಯದು ಹೆನ್ರಿ ವಿಲಿಯಮ್ಸನ್ ಅವರ 1927ರ ಕಾದಂಬರಿ ‘ಟಾರ್ಕಾ ದಿ ಆಟರ್’. ಇಂಗ್ಲೆಂಡಿನ ಡೆವನ್ ಸೀಮೆಯ ನದಿಗಳಲ್ಲಿ ಬದುಕೋ ಟಾರ್ಕಾ ಯಾರ ಮುದ್ದಿನ ಪ್ರಾಣಿಯೂ ಅಲ್ಲ. ಮೀನು ಹಿಡಿಯುತ್ತೆ, ಬೇಟೆನಾಯಿಗಳಿಂದ ಓಡುತ್ತೆ. ಕಥೆ ನಿಧಾನ, ಆದ್ರೂ ಬಿಡಬೇಡಿ. ಮುಗಿಸೋ ಹೊತ್ತಿಗೆ ಸಾಕೋ ಆಸೆ ಹೋಗಿ, ನದಿ ಉಳೀಲಿ ಅನ್ನೋ ಆಸೆ ಬಂದಿರುತ್ತೆ.

ಮಿಜ್‌ನ ಪ್ರಭೇದವೇ ನಮ್ಮ ತುಂಗಭದ್ರೆಯಲ್ಲೂ ಇದೆ. 2015ರಲ್ಲಿ ಅಲ್ಲಿ ನೀರುನಾಯಿಗಳಿಗೆಂದೇ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆ ಆಗಿದೆ. ಹಂಪಿ ಟ್ರಿಪ್ ಹೋದಾಗ ನದಿ ಕಡೆ ಸ್ವಲ್ಪ ಹೊತ್ತು ನೋಡಿ. ಖಾಲಿ ಬಾಟಲಿ ಮಾತ್ರ ಅಲ್ಲಿ ಬಿಟ್ಟು ಬರಬೇಡಿ.