ಡಿಸೆಂಬರ್ ರಜೆಗೆ ಮನೆಮಂದಿಯೆಲ್ಲ ಅಂಡಮಾನ್‌ಗೆ ಹೋಗಬೇಕೇ?

ಕಳೆದ ಕ್ರಿಸ್‌ಮಸ್ ರಜೆಯಲ್ಲಿ ಒಂದೇ ಮನೆಯ ಏಳು ಜನ ಅಂಡಮಾನ್‌ಗೆ ಹೋಗಿ ಬಂದರು. ಅಜ್ಜಿ, ಮಗ, ಸೊಸೆ, ಮಗಳು, ಮೂವರು ಮೊಮ್ಮಕ್ಕಳು. ಆರು ದಿನ ಎಲ್ಲರೂ ಜೊತೆಗೇ ಇದ್ದರು, ಒಂದೇ ದೋಣಿ ಹತ್ತಿದರು, ಒಂದೇ ಪಂಕ್ತಿಯಲ್ಲಿ ಉಂಡರು. ಊರಿಗೆ ಬಂದ ಮೇಲೆ ಮಗಳು ಒಂದು ಮಾತು ಹೇಳಿದರೆ ಸೊಸೆ ಇನ್ನೊಂದು ಹೇಳಿದರು. ಇಬ್ಬರ ಮಾತೂ ಇಲ್ಲಿದೆ.

ಪರ: ಹೋಗಲೇಬೇಕು, ಅಜ್ಜಿಯನ್ನೂ ಕರೆದುಕೊಂಡು

ಶಿವಮೊಗ್ಗದ ಖಾಸಗಿ ಹೈಸ್ಕೂಲೊಂದರಲ್ಲಿ ಹದಿನಾಲ್ಕು ವರ್ಷದಿಂದ ಭೂಗೋಳ ಹೇಳಿಕೊಡುತ್ತಿದ್ದೇನೆ. ರೇಖಾಂಶದ ಪಾಠ ಬಂತೆಂದರೆ ಮಕ್ಕಳ ಕಣ್ಣು ಕಿಟಕಿಯಾಚೆ ಹೋಗುತ್ತದೆ. ಅದೇ ಪಾಠವನ್ನು ಸ್ವರಾಜ್ ದ್ವೀಪದ ಮರಳ ಮೇಲೆ ಅಣ್ಣನ ಮಗ ತಾನಾಗಿ ಕಲಿತ. 2018ರವರೆಗೆ ಹ್ಯಾವ್‌ಲಾಕ್ ಎಂದು ಕರೆಯುತ್ತಿದ್ದ ದ್ವೀಪ ಅದು. ಅಲ್ಲಿನವರ ಬಾಯಲ್ಲಿ ಈಗಲೂ ಹಳೆಯ ಹೆಸರೇ. ರಾಧಾನಗರದ ದಂಡೆಯಲ್ಲಿ ಕೂತಿದ್ದೆವು. ಗಂಟೆ ಐದಾಗುತ್ತಿದ್ದಂತೆ ಸೂರ್ಯ ಮುಳುಗಿಯೇಬಿಟ್ಟ. "ಅತ್ತೆ, ಬೆಂಗಳೂರಲ್ಲಿ ಆರಕ್ಕೆ ತಾನೇ ಮುಳುಗೋದು?" ಎಂದ. ಕಡ್ಡಿ ಕೊಟ್ಟು ಲೆಕ್ಕ ಮಾಡು ಎಂದೆ. ಬೆಂಗಳೂರಿನ ಅಕ್ಷಾಂಶ 13, ಇಲ್ಲಿಯದು 12, ಹೆಚ್ಚುಕಡಿಮೆ ಒಂದೇ. ರೇಖಾಂಶ ಅಲ್ಲಿ 77.6, ಇಲ್ಲಿ 93. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಹದಿನೈದು ನಾಲ್ಕಲಿ ಅರವತ್ತು! ಗಡಿಯಾರ ಒಂದೇ, ಸೂರ್ಯ ಬೇರೆ ಎಂದು ಅವನಿಗೆ ಹೊಳೆದಾಗ ಆ ಮುಖ ನೋಡಬೇಕಿತ್ತು. ಅಷ್ಟು ಬೆಳಗಿದ ಮುಖವನ್ನು ನಾನು ತರಗತಿಯಲ್ಲಿ ಕಂಡದ್ದು ಕಡಿಮೆ.

ಮರುದಿನ ಶಹೀದ್ ದ್ವೀಪ. ಅಲ್ಲಿ ನೀರು ಇಳಿದಾಗ ಮಾತ್ರ ನಡೆದು ಹೋಗಬಹುದಾದ ಕಲ್ಲಿನ ಕಮಾನೊಂದಿದೆ. ಅಲ್ಲಿಗೆ ಬಂದು ನೆಲೆಸಿದ ಬಂಗಾಳಿಗಳು ಅದಕ್ಕೆ ಹೌರಾ ಸೇತುವೆ ಎಂದು ಹೆಸರಿಟ್ಟಿದ್ದಾರೆ. ದಾರಿಯುದ್ದಕ್ಕೂ ಬಂಡೆಯ ಗುಂಡಿಗಳಲ್ಲಿ ಸಮುದ್ರ ಬಿಟ್ಟುಹೋದ ನೀರು, ಆ ನೀರಲ್ಲಿ ಹವಳ, ಕಡಲಸೌತೆ, ಶಂಖದೊಳಗೆ ಮನೆ ಮಾಡಿಕೊಂಡ ಏಡಿ. ನೀರು ಯಾವಾಗ ಇಳಿಯುತ್ತದೆ ಎಂದು ತಿಳಿಯಲು ಮಕ್ಕಳು ತಿಥಿ ಕೇಳತೊಡಗಿದರು. ಅಮಾವಾಸ್ಯೆ, ಹುಣ್ಣಿಮೆಗೆ ಇಳಿತ ಜಾಸ್ತಿ ಎಂದು ಅಮ್ಮ ಪಂಚಾಂಗ ನೆನಪಿಸಿಕೊಂಡು ಹೇಳುವುದು, ನಾನು ಚಂದ್ರ ಸೂರ್ಯರ ಸೆಳೆತ ವಿವರಿಸುವುದು. ಭರತ್‌ಪುರದಲ್ಲಿ ಅಮ್ಮನನ್ನು ಗಾಜಿನ ತಳದ ದೋಣಿಗೆ ಹತ್ತಿಸಿದೆವು. ಎಪ್ಪತ್ತೊಂದು ವರ್ಷದ ಮಲೆನಾಡಿನ ಹೆಂಗಸು, ಕೆರೆಗೂ ಇಳಿದವರಲ್ಲ. ಬಗ್ಗಿ ನೋಡಿ, "ಇದೇನೇ ಇದು, ಕೆಳಗೂ ತೋಟ ಉಂಟಲ್ಲೇ" ಎಂದರು. ಊರಿಗೆ ಬಂದು ತಿಂಗಳುಗಟ್ಟಲೆ ನೆಂಟರಿಗೆಲ್ಲ ಅದೇ ಸುದ್ದಿ.

ಆದರೆ ನನ್ನ ವಾದದ ಬೇರು ಇರುವುದು ಕಡಲಿನಲ್ಲಲ್ಲ, ಸೆಲ್ಯುಲಾರ್ ಜೈಲಿನಲ್ಲಿ. ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಾಯಿತು. ಜೈಲು ಅಲ್ಲೇ ಗುಡ್ಡದ ಮೇಲಿದೆ. 1896ರಲ್ಲಿ ಕಟ್ಟಲು ಶುರುಮಾಡಿ 1906ರಲ್ಲಿ ಮುಗಿಸಿದರು. ನಡುವೆ ಗೋಪುರ, ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಏಳು ಸಾಲು. ಈಗ ಉಳಿದಿರುವುದು ಮೂರು. ಒಂದು ಸಾಲಿನ ಮುಂಭಾಗಕ್ಕೆ ಇನ್ನೊಂದು ಸಾಲಿನ ಬೆನ್ನು ಬರುವಂತೆ ಕಟ್ಟಿದ್ದಾರೆ, ಕೈದಿ ಕೈದಿಯ ಮುಖ ಕಾಣದಿರಲಿ ಎಂದು. ಚಿಲಕವನ್ನು ಬಾಗಿಲಿನಿಂದ ದೂರ, ಗೋಡೆಯೊಳಗೆ ಹೂತಿದ್ದಾರೆ. ನನ್ನ ಮಗಳು ಕೋಣೆಯೊಳಗೆ ನಿಂತು ಸರಳಿನ ಸಂದಿಯಿಂದ ಕೈ ಚಾಚಿದಳು, ಸಿಗಲಿಲ್ಲ. ಭುಜದವರೆಗೂ ತೂರಿಸಿದಳು, ಆಗಲೂ ಸಿಗಲಿಲ್ಲ. 'ಕರಿನೀರಿನ ಶಿಕ್ಷೆ' ಎಂಬ ಎರಡು ಶಬ್ದವನ್ನು ಪುಸ್ತಕದಲ್ಲಿ ಓದಿದ್ದ ಹುಡುಗಿ ಅಂದು ರಾತ್ರಿ ಊಟದ ಹೊತ್ತಿನಲ್ಲಿ ಮಾತಾಡಲಿಲ್ಲ.

ದುಡ್ಡು ಖರ್ಚಾಗುತ್ತದೆ, ನಿಜ. ಕ್ರಿಸ್‌ಮಸ್ ವಾರದಲ್ಲಿ ವಿಮಾನದ ದರ ಏರಿರುತ್ತದೆ. ಆದರೆ ಮೇ ತಿಂಗಳ ಹೊತ್ತಿಗೆ ಅಲ್ಲಿ ಮಳೆಗಾಲ ಹಿಡಿದಿರುತ್ತದೆ. ಹಿತವಾದ ಹವೆಯೂ ಮಕ್ಕಳ ರಜೆಯೂ ಒಟ್ಟಿಗೆ ಸಿಗುವುದು ವರ್ಷಕ್ಕೆ ಇದೊಂದೇ ವಾರ. ದ್ವೀಪದವರ ಅನ್ನದ ಮಾತೂ ಇದೆ. ಗೋವಿಂದನಗರ, ವಿಜಯನಗರ, ಕೃಷ್ಣನಗರ, ಶ್ಯಾಮನಗರ: ಈ ಹಳ್ಳಿಗಳಲ್ಲಿ ಇರುವವರು ದೇಶ ಒಡೆದಾಗ ಪೂರ್ವ ಬಂಗಾಳದಲ್ಲಿ ಎಲ್ಲವನ್ನೂ ಕಳೆದುಕೊಂಡು ಬಂದವರ ಮಕ್ಕಳು, ಮೊಮ್ಮಕ್ಕಳು. ಒಂದು ಕಾಲಕ್ಕೆ ದ್ವೀಪಗಳ ಬದುಕು ಮರದ ವ್ಯಾಪಾರದ ಮೇಲೆ ನಿಂತಿತ್ತು. ಕಾಡು ಕಡಿಯುವುದಕ್ಕೆ ಸುಪ್ರೀಂ ಕೋರ್ಟು 2002ರಲ್ಲಿ ಕಡಿವಾಣ ಹಾಕಿತು. ಒಳ್ಳೆಯದೇ ಆಯಿತು. ಆದರೆ ಕಾಡು ಉಳಿಯಬೇಕಾದರೆ ಅಲ್ಲಿನ ಜನಕ್ಕೆ ಬೇರೆ ಆದಾಯ ಬೇಕು. ನಾವು ಕುಡಿದ ಎಳನೀರು, ಹತ್ತಿದ ಆಟೊ, ತಿಂದ ಮೀನು ಸಾರು ಆ ಆದಾಯ.

ಬಾರಾಟಾಂಗ್‌ಗೆ ಹೋದ ದಿನದ ವಿಷಯದಲ್ಲಿ ಅತ್ತಿಗೆ ಹೇಳುವುದನ್ನು ನಾನು ತಳ್ಳಿಹಾಕುವುದಿಲ್ಲ. ಅದೊಂದು ದಿನವನ್ನು ಬಿಟ್ಟು ಉಳಿದ ಐದು ದಿನದ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ನಿಮ್ಮ ಅಪ್ಪ ಅಮ್ಮನಿಗೆ ನಡೆಯಲು ಕಾಲು ಗಟ್ಟಿ ಇರುವಾಗಲೇ ಕರೆದುಕೊಂಡು ಹೋಗಿ.

ವಿರೋಧ: ಆ ಒಂದು ದಿನವನ್ನು ಬಿಟ್ಟು ಲೆಕ್ಕ ಹಾಕಲು ನನಗೆ ಆಗುವುದಿಲ್ಲ

ನಾದಿನಿ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಜೈಲಿನ ಚಿಲಕ ಮಗುವಿನ ಕೈಗೆ ಸಿಗದಿದ್ದನ್ನು ಪಕ್ಕದಲ್ಲೇ ನಿಂತು ನಾನೂ ನೋಡಿದೆ. ಆದರೂ ಮುಂದಿನ ಡಿಸೆಂಬರ್‌ಗೆ ಮತ್ತೆ ಹೊರಡೋಣವೇ ಎಂದು ಮನೆಯಲ್ಲಿ ಕೇಳಿದಾಗ ಬೇಡ ಎಂದೆ.

ಗಂಗೊಳ್ಳಿಯಲ್ಲಿ ಹುಟ್ಟಿದವಳು ನಾನು. ಗಾಳಿ ತಿರುಗಿದರೆ ದೋಣಿ ಇಳಿಸಬಾರದು ಎಂಬುದು ನಮಗೆ ಯಾರೂ ಕಲಿಸಿದ ಪಾಠವಲ್ಲ, ಮನೆಯೊಳಗಿನ ಮಾತು. ಬಂಗಾಳ ಕೊಲ್ಲಿಯಲ್ಲಿ ಹಿಂಗಾರು ಡಿಸೆಂಬರ್‌ನಲ್ಲೂ ಪೂರ್ತಿ ತೆಗೆದಿರುವುದಿಲ್ಲ, ಚಂಡಮಾರುತದ ಕಾಲವೂ ಅದೇ. 2016ರ ಡಿಸೆಂಬರ್ ಮೊದಲ ವಾರದಲ್ಲಿ ಸ್ವರಾಜ್, ಶಹೀದ್ ದ್ವೀಪಗಳಲ್ಲೇ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ದಿನಗಟ್ಟಲೆ ಸಿಕ್ಕಿಬಿದ್ದಿದ್ದರು, ನೌಕಾಪಡೆ ಹೋಗಿ ಕರೆತರಬೇಕಾಯಿತು. ನಾವು ಹೋದಾಗ ಅಂಥದ್ದೇನೂ ಆಗಲಿಲ್ಲ. ಒಂದು ಬೆಳಿಗ್ಗೆ ಗಾಳಿಯೆಂದು ಹಡಗು ತಡವಾಯಿತು, ಅಷ್ಟೇ. ಆದರೆ ಆ ಹಡಗಿನಲ್ಲಿ ಅತ್ತೆಯವರು ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡರು. ಚೀಲ ಹಿಡಿದುಕೊಂಡು ಪಕ್ಕದಲ್ಲಿ ಕೂತವಳು ನಾನು. ಬಿಪಿ ಮಾತ್ರೆಯೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ದೊಡ್ಡಾಸ್ಪತ್ರೆ ಇರುವುದು ಶ್ರೀ ವಿಜಯಪುರಂನಲ್ಲಿ. ನಾವು ಅಲ್ಲಿಂದ ದೂರ ದೂರ ಹೋಗುತ್ತಿದ್ದೆವು. ಗಾಜಿನ ದೋಣಿಯ ತೋಟವನ್ನು ಅತ್ತೆ ಎಲ್ಲರಿಗೂ ಹೇಳುತ್ತಾರೆ. ಇದನ್ನು ಹೇಳುವುದಿಲ್ಲ, ಮಕ್ಕಳಿಗೆ ಬೇಸರವಾದೀತೆಂದು.

ಇನ್ನು ಬಾರಾಟಾಂಗ್. ಸುಣ್ಣದಕಲ್ಲಿನ ಗುಹೆಗಳು, ಕೆಸರು ಉಗುಳುವ ಜ್ವಾಲಾಮುಖಿ ನೋಡಲು ಎಂದು ಏಜೆಂಟರ ಪಟ್ಟಿಯಲ್ಲಿ ಒಂದು ದಿನ ಬರೆದಿತ್ತು. ರಾತ್ರಿ ಮೂರಕ್ಕೆ ಎಬ್ಬಿಸಿದರು. ಜಿರ್ಕಾಟಾಂಗ್ ಚೆಕ್‌ಪೋಸ್ಟಿಗೆ ಹೋಗುವಷ್ಟರಲ್ಲಿ ಗಾಡಿಗಳ ಉದ್ದ ಸಾಲು. ಅಲ್ಲಿಂದ ಮುಂದೆ ಅಂಡಮಾನ್ ಟ್ರಂಕ್ ರಸ್ತೆ ಜರವಾ ಆದಿವಾಸಿ ಜನರ ಮೀಸಲು ಕಾಡನ್ನು ಸೀಳಿಕೊಂಡು ಹೋಗುತ್ತದೆ. ಪೊಲೀಸ್ ಕಾವಲಿನಲ್ಲಿ ಎಲ್ಲ ಗಾಡಿಗಳೂ ಒಟ್ಟಿಗೆ ಹೋಗಬೇಕು, ನಿಲ್ಲಿಸಬಾರದು, ಫೋಟೊ ತೆಗೆಯಬಾರದು, ತಿನ್ನಲು ಏನೂ ಕೊಡಬಾರದು. ಅಷ್ಟು ನಿಯಮ ಯಾಕೆ ಎಂದು ನಾನು ಕೇಳಲೂ ಇಲ್ಲ. ಗಾಡಿ ಹೊರಟಿತು. ನಮ್ಮ ಗಾಡಿಯಲ್ಲಿದ್ದ ಯಾರಿಗೂ ಗುಹೆಯ ಯೋಚನೆ ಇರಲಿಲ್ಲ. ಎಲ್ಲರ ಮುಖ ಕಿಟಕಿಗೆ ಅಂಟಿತ್ತು. "ಕಾಣ್ತಾರಾ? ಕಾಣ್ತಾರಾ?" ಬಂಡೀಪುರದ ಸಫಾರಿಯಲ್ಲಿ ಆನೆಗಾಗಿ ಕಾಯುವಾಗ ಇದೇ ಮಾತು ನಮ್ಮ ಬಾಯಲ್ಲಿ ಇರುತ್ತದೆ. ನನ್ನ ಚಿಕ್ಕ ಮಗಳು ಏಳು ವರ್ಷದವಳು, ತೊಡೆಯ ಮೇಲೆ ಕೂತಿದ್ದಳು. ರಸ್ತೆ ಪಕ್ಕದಲ್ಲಿ ಅವಳದೇ ಎತ್ತರದ ಒಂದು ಹುಡುಗಿ, ಜೊತೆಗೆ ಅವಳ ತಾಯಿಯೋ ಅಕ್ಕನೋ ನಿಂತಿದ್ದರು. ಕ್ಷಣ ಮಾತ್ರ. ಗಾಡಿಯೊಳಗೆಲ್ಲ ಕೂಗು. ಮಗಳು ಕೈ ಬೀಸಿದಳು, ಆ ಹುಡುಗಿ ಬೀಸಲಿಲ್ಲ. "ಅಮ್ಮಾ, ಅವರ ಮನೆ ಮುಂದೆ ನಾವೆಲ್ಲ ಯಾಕೆ ಹೀಗೆ ಹೋಗ್ತಿದೀವಿ?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಬಂದ ಮೇಲೆ ಓದಿದೆ. ಮೊದಲೇ ಓದಬೇಕಿತ್ತು, ಆ ತಪ್ಪು ನನ್ನದೇ. ಜರವಾ ಜನರ ಸಂಖ್ಯೆ ಕೆಲವೇ ನೂರು. ಹೊರಗಿನವರನ್ನು ಬಿಲ್ಲು ಬಾಣ ಹಿಡಿದು ದೂರವಿಟ್ಟಿದ್ದ ಅವರು 1990ರ ದಶಕದ ಕೊನೆಯಲ್ಲಷ್ಟೇ ಬರಿಗೈಯಲ್ಲಿ ಕಾಡಿನಿಂದ ಹೊರಬರತೊಡಗಿದ್ದು. ಅದರ ಹಿಂದೆಯೇ 1999ರಲ್ಲಿ ಅವರಲ್ಲಿ ದಡಾರ ಹಬ್ಬಿತು. ಜರವಾ ಮಹಿಳೆಯರನ್ನು ಪ್ರವಾಸಿಗರ ಮುಂದೆ ಕುಣಿಸಿದ ವಿಡಿಯೊ 2012ರಲ್ಲಿ ಹೊರಬಂದಾಗ ದೇಶ ತಲೆ ತಗ್ಗಿಸಿತ್ತು. ನಾದಿನಿ ಬರೆದ 2002ರ ಸುಪ್ರೀಂ ಕೋರ್ಟು ಆದೇಶದಲ್ಲಿ ಮರದ ಮಾತಷ್ಟೇ ಇರಲಿಲ್ಲ. ಜರವಾ ಮೀಸಲಿನೊಳಗೆ ಹಾಯುವ ಈ ರಸ್ತೆಯನ್ನು ಮುಚ್ಚಬೇಕು ಎಂದೂ ಇತ್ತು. ಎರಡು ದಶಕದ ಮೇಲೂ ಅದೇ ರಸ್ತೆಯಲ್ಲಿ ನಾವು ಹೋಗಿ ಬಂದೆವು.

ಗ್ರೇಟ್ ಅಂಡಮಾನೀಸ್ ಜನರ ಪಾಡೂ ಕಣ್ಣ ಮುಂದಿದೆ. ಬ್ರಿಟಿಷರು ಬಂದಾಗ ಸಾವಿರಗಟ್ಟಲೆ ಇದ್ದವರು ಈಗ ಐವತ್ತರ ಆಸುಪಾಸು. ಅವರ ನುಡಿಗಳಲ್ಲಿ ಒಂದಾದ ಬೋ ಭಾಷೆಯನ್ನು ಆಡಬಲ್ಲ ಕೊನೆಯವರು ಬೋವಾ ಸೀನಿಯರ್ ಎಂಬ ಅಜ್ಜಿ. 2010ರ ಜನವರಿಯಲ್ಲಿ ಅವರು ತೀರಿಕೊಂಡರು, ಅವರೊಂದಿಗೆ ಆ ಮಾತೂ ಹೋಯಿತು. ಕನ್ನಡ ಉಳಿಯಬೇಕು ಎಂದು ನವೆಂಬರ್ ತುಂಬ ಮಾತಾಡುವ ನಮಗೆ ಇದು ಎಲ್ಲೋ ದೂರದ ಸುದ್ದಿ ಆಗಬಾರದು.

ದ್ವೀಪದವರ ಅನ್ನದ ಮಾತನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಶ್ರೀ ವಿಜಯಪುರಂನ ಆಟೊದವನು ಹೇಳಿದ್ದೂ ಕಿವಿಯಲ್ಲಿದೆ: ಬೇಸಿಗೆ ಬಂದರೆ ಅವನ ಮನೆಯ ನಲ್ಲಿಗೆ ದಿನವೂ ನೀರು ಬರುವುದಿಲ್ಲ. ನಮ್ಮ ಹೋಟೆಲಿನಲ್ಲಿ ಮೂರು ಮಕ್ಕಳೂ ದಿನಕ್ಕೆ ಎರಡು ಸಲ ಷವರ್ ಕೆಳಗೆ ನಿಲ್ಲುತ್ತಿದ್ದರು.

ಮಕ್ಕಳಿಗೆ ದ್ವೀಪ ತೋರಿಸಬೇಕೆಂದರೆ ಮಲ್ಪೆಯಿಂದ ದೋಣಿ ಹತ್ತಿದರೆ ಸೇಂಟ್ ಮೇರಿಸ್ ಸಿಗುತ್ತದೆ. ಅಲ್ಲಿನ ಕಂಬಗಲ್ಲುಗಳು ಮಡಗಾಸ್ಕರ್ ನಮ್ಮ ನೆಲದಿಂದ ಕಳಚಿಕೊಂಡ ಕಾಲದವು, ವಯಸ್ಸು ಎಂಟು ಕೋಟಿ ವರ್ಷಕ್ಕೂ ಹೆಚ್ಚು. ಭೂಗೋಳದ ಮೇಷ್ಟ್ರಿಗೆ ಅಷ್ಟು ಸಾಲದೇ? ಹವಳ ನೋಡಬೇಕೆಂದರೆ ಮುರುಡೇಶ್ವರದಾಚೆ ನೇತ್ರಾಣಿ ಇದೆ. ಅತ್ತೆಯವರಿಗೆ ಸುಸ್ತಾದರೆ ಸಂಜೆಯೊಳಗೆ ನನ್ನ ತವರಿನಲ್ಲಿ ಗಂಜಿ ಕುಡಿದು ಮಲಗಬಹುದು. ಜೈಲು ಇಲ್ಲಿಲ್ಲ, ಒಪ್ಪುತ್ತೇನೆ. ಅದಕ್ಕೆ ಮಕ್ಕಳು ಇನ್ನಷ್ಟು ದೊಡ್ಡವರಾಗಲಿ, ಜನಜಾತ್ರೆ ಇಲ್ಲದ ತಿಂಗಳಲ್ಲಿ ಅವರೇ ಹೋಗಿ ಬರಲಿ.

ಇಷ್ಟು ಹೇಳಿದ ಮೇಲೂ ಹೋಗುವವರು ಹೋಗುತ್ತೀರಿ. ಈ ಡಿಸೆಂಬರ್‌ಗೆ ಟಿಕೆಟ್ ತೆಗೆದವರಲ್ಲಿ ನನ್ನದೊಂದು ಕೋರಿಕೆ ಇದೆ. ಏಜೆಂಟರು ಕೊಟ್ಟ ಪಟ್ಟಿಯಲ್ಲಿ ಬಾರಾಟಾಂಗ್ ಎಂಬ ಸಾಲಿದ್ದರೆ ಇವತ್ತೇ ಫೋನ್ ಮಾಡಿ ಅದನ್ನು ತೆಗೆಸಿಹಾಕಿ. ಆ ದಿನ ಮಕ್ಕಳು ದಂಡೆಯಲ್ಲಿ ಮರಳಾಡಲಿ.